ಬತ್ತದ ಹೂವೂ ಕಾಡುಬತ್ತದ ನಂಟೂ

ವಡ್ಡು ಮುಂತಾದ ಊರುಗಳ ನಮ್ಮ ಬಾಲಿಕೆಯರು ಜೋಳದ ಹೊಲವನ್ನು ಚೆನ್ನಾಗಿ ಬಲ್ಲರು. ವಿಜಯನಗರದ ಅರಸರ ಕಾಲುವೆಗಳಲ್ಲಿ ತುಂಗಭದ್ರೆಯ ನೀರು ಹರಿಯುವ ಕಂಪ್ಲಿಯ ಕಡೆಯವರಿಗೆ ಬತ್ತವೇ ಪರಿಚಿತವಾದುದು. ಆ ಕಡೆಯ ಬಾಲಿಕೆಯೊಬ್ಬಳು ಪಾಠದ ವೇಳೆಯಲ್ಲಿ ಎದ್ದು, “ಟೀಚರಮ್ಮನವರೇ, ನೆರೆಯವರ ಹೋದ ವರುಷದ ಬೆಳೆಯ ಬೀಜವನ್ನೇ ಬಿತ್ತಿದೆವು. ಗದ್ದೆಯಲ್ಲಿ ಮೀಸೆಯುಳ್ಳ ಕೆಂಪು ಬತ್ತ ಬಂದಿತು. ಅವರು ಮೋಸಮಾಡಿದರೆಂದು ಅಪ್ಪ ಮಾತು ಬಿಟ್ಟಿದ್ದಾರೆ” ಎಂದಳು. ಇದಕ್ಕೆ ನಾವು ಕೊಟ್ಟ ಉತ್ತರವನ್ನು ಎಲ್ಲರಿಗಾಗಿ ಇಲ್ಲಿ ಬರೆಯುತ್ತೇವೆ.

ಬತ್ತದ ಹೂವಿನಲ್ಲಿ 6 ಕೇಸರಗಳೂ ಗರಿಯಂತಹ 2 ಶಲಾಕಾಗ್ರಗಳೂ ಉಂಟು. ಹೂವು ಬೆಳಗಿನ ಹೊತ್ತು ತೆರೆಯುವಾಗಲೇ ಕೇಸರಗಳು ಒಡೆದು, ಪರಾಗವು ತನ್ನ ಹೂವಿನ ಮೇಲೆಯೇ ಬೀಳುತ್ತದೆ. ಇದು ಸ್ವಪರಾಗಸ್ಪರ್ಶ. ಪರಾಗದ ಜೀವವು ಕೆಲವೇ ನಿಮಿಷಗಳದು. ಆದಕಾರಣ ಬೇರೆ ಗಿಡದ ಪರಾಗವು ತಗಲಿ ಕಾಳಾಗುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತಲೂ ಕಡಮೆ.

ಕಡಮೆಯೇ ಹೊರತು ಇಲ್ಲವೆಂದಲ್ಲ. ಕೆರೆಯಂಚಿನಲ್ಲಿಯೂ ಹಳ್ಳಗಳಲ್ಲಿಯೂ ಬೆಳೆಯುವ ಕಾಡುಬತ್ತವು ನಮ್ಮ ಬತ್ತಕ್ಕೆ ಹತ್ತಿರದ ನಂಟು. ನಮ್ಮ ಹಿರಿಯರು ಇದನ್ನು ನೀವಾರವೆಂದು ಕರೆದರು. ಗಾಳಿಯಲ್ಲಿ ಅದರ ಪರಾಗವು ಗದ್ದೆಯ ತೆನೆಗೆ ತಗಲಿದರೆ ಸಂಕರಬೀಜವಾಗುತ್ತದೆ. ಅದರ ಹೊಟ್ಟೂ ಕಾಳಿನ ಹೊರಪೊರೆಯೂ ತಾಯಿಗಿಡದವೇ ಆದುದರಿಂದ, ಆ ವರುಷ ಕಣ್ಣಿಗೆ ಭೇದವೇ ಕಾಣದು. ಮರುವರುಷ ಬಿತ್ತಿದಾಗ ಮೀಸೆ, ಕೆಂಪು ಬಣ್ಣ, ಮಾಗಿದೊಡನೆ ಉದುರುವ ಗುಣ, ಇವು ಬಹುಮಟ್ಟಿಗೆ ಹೊರಬೀಳುತ್ತವೆ. ಉದುರಿದ ಕಾಳು ಮಣ್ಣಿನಲ್ಲಿ ಉಳಿದು ಮುಂದೆಯೂ ಮೊಳೆಯುತ್ತದೆ. ಕಣದಲ್ಲಿ ಕಾಳು ಬೆರೆಯುವುದೂ, ಗದ್ದೆಯಲ್ಲಿ ಮೊದಲೇ ಉದುರಿದ ಕಾಳು ಮೊಳೆಯುವುದೂ ಉಂಟು. ಹೀಗಿರಲು ಬೀಜ ಕೊಟ್ಟವರನ್ನು ವಿಚಾರಿಸದೆ ದೂರುವುದು ನ್ಯಾಯವಲ್ಲ.

ಅಂತಹ ಗಿಡಗಳನ್ನು ಕಾಳು ಉದುರುವ ಮೊದಲೇ ಕೀಳತಕ್ಕದ್ದು. ಬೀಜಕ್ಕೆ ಬದುವಿನ ಅಂಚನ್ನು ಬಿಟ್ಟು ಗದ್ದೆಯ ನಡುವಿನ ಶುದ್ಧವಾದ ತೆನೆಗಳನ್ನು ಆರಿಸತಕ್ಕದ್ದು.

ಆದರೂ ಕಾಡುಬತ್ತವನ್ನು ಹೀನವೆಂದು ಭಾವಿಸಕೂಡದು. ಗಿಡವನ್ನು ಗಿಡ್ಡಾಗಿಸುವ ಒಂದು ನಂಜುರೋಗವು ಏಷ್ಯದ ಗದ್ದೆಗಳನ್ನು ಕಾಡಿದಾಗ, ಫಿಲಿಪೈನ್ಸಿನ ವಿಜ್ಞಾನಿಗಳು ಸಾವಿರಾರು ತಳಿಗಳನ್ನು ಪರೀಕ್ಷಿಸಿದರು. ತಡೆಯುವ ಶಕ್ತಿ ದೊರೆತುದು ಭಾರತದ ನೀವಾರದಲ್ಲಿ. ಅದರ ಸಂಕರದಿಂದ ಪಡೆದ ಗುಣವುಳ್ಳ ಐ.ಆರ್. 36 ಎಂಬ ತಳಿಯು 1976ರಲ್ಲಿ ರೈತರ ಕೈ ಸೇರಿತು. ಗದ್ದೆಯಲ್ಲಿ ಕಳೆಯಾದುದೇ ಬೇರೆಡೆ ಬೆಳೆಯನ್ನು ಉಳಿಸಿತು.

ಆ ಬಾಲಿಕೆಯು ಇದನ್ನೆಲ್ಲ ಬರೆದುಕೊಂಡು, ತಂದೆಗೆ ಓದಿ ಹೇಳುವೆನೆಂದು ಮನೆಗೆ ಹೋದಳು.