ನಿಮಗಿದು ಗೊತ್ತೇ? ಹಂಚಿನಲ್ಲಿದೆ ಕಬ್ಬಿಣ, ಮೈಯಲ್ಲಿಲ್ಲ!

ದೊಡ್ಡವರ ಮೈಯಲ್ಲಿರುವ ಒಟ್ಟು ಕಬ್ಬಿಣ 3-4 ಗ್ರಾಂ. ಎತ್ತಿನ ಲಾಳಕ್ಕೆ ಹೊಡೆಯುವ ಒಂದು ಮೊಳೆಯಷ್ಟು! ಅಷ್ಟೂ ಇಲ್ಲದಿದ್ದರೆ ರಕ್ತಹೀನತೆ.

ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇದೆ ಎಂದಿತ್ತು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ.

ಜೋಳದ ರೊಟ್ಟಿಯಲ್ಲಿ ಕಬ್ಬಿಣ ಉಂಟು. ಆದರೆ ಕಾಳಿನಲ್ಲೇ ಇರುವ ಫೈಟೇಟ್ ಅದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬಿಡಿಸುವುದು ಹುಳಿ. ಮೊಳಕೆ ಬಂದ ಮಡಿಕೆಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡುವ ಬೈಲಹೊಂಗಲದ ಅಜ್ಜಿಗೆ ಈ ರಸಾಯನಶಾಸ್ತ್ರ ಯಾರೂ ಹೇಳಿಕೊಟ್ಟಿಲ್ಲ. ಕೆಡಿಸುವುದು ಊಟದ ಬೆನ್ನಿಗೇ ಕುಡಿಯುವ ಚಹಾ. ಒಂದು ತಾಸು ತಡೆಯಿರಿ.

ಬೀಟ್‌ರೂಟ್ ಕೆಂಪಗಿರುವುದು ಕಬ್ಬಿಣದಿಂದಲ್ಲ.

ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕೆನಿಸುವುದು ಬರೀ ಬಸುರಿ ಬಯಕೆಯಲ್ಲ, ಕಬ್ಬಿಣದ ಕೊರತೆಯ ಗುರುತೂ ಇರಬಹುದು.

ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ ಸುಮಾರು 250 ಮಿಲಿಗ್ರಾಂ ಕಬ್ಬಿಣ ಹೋಯಿತು. ಊಟದಿಂದ ದಿನಕ್ಕೆ ಮೈಗೆ ಹತ್ತುವುದು ಒಂದೆರಡು ಮಿಲಿಗ್ರಾಂ. ಲೆಕ್ಕ ನೀವೇ ಹಾಕಿ. ಬಾಣಂತಿಗೆ ಆರು ತಿಂಗಳು ಗುಳಿಗೆ ಕೊಡುವುದು ಸುಮ್ಮನೆ ಅಲ್ಲ. ಹೆರಿಗೆಯ ನಂತರ ಅತಿಯಾಗಿ ರಕ್ತ ಹೋಗುವವರ ಸಂಖ್ಯೆಯನ್ನು ಮೈಸೊಪ್ರೊಸ್ಟಾಲ್ ಗುಳಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆಂದು 2006ರಲ್ಲಿ ಜಗತ್ತಿಗೆ ತೋರಿಸಿದ್ದು ನಮ್ಮದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರ ಮೇಲಿನ ಅಧ್ಯಯನ.

ಕಬ್ಬಿಣದ ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಗುಳಿಗೆ ನುಂಗದೆಯೇ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಅದು ಹೊಟ್ಟೆಯೊಳಗಿನ ರಕ್ತ. ಅಂದೇ ಆಸ್ಪತ್ರೆಗೆ ಹೋಗಿ.

ಗಂಡಸರಿಗೆ, ಮುಟ್ಟು ನಿಂತವರಿಗೆ “ರಕ್ತ ಕಡಿಮಿ ಐತಿ” ಎಂದರೆ ಬರೀ ಟಾನಿಕ್ ಸಾಲದು. ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು. ಮೂಲವ್ಯಾಧಿ ಇರಬಹುದು, ಹೊಟ್ಟೆಯ ಹುಣ್ಣಿರಬಹುದು, ಕರುಳಿನ ಕ್ಯಾನ್ಸರೂ ಇರಬಹುದು. ಕಬ್ಬು ಕಡಿದು ಬಂದು ದಿನಾ ನುಂಗುವ ಮೈಕೈ ನೋವಿನ ಗುಳಿಗೆಯೂ ಹುಣ್ಣು ಮಾಡೀತು.

ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಗುಳಿಗೆ ಬೇಕು. ಮೈಯೊಳಗಿನ ಕಬ್ಬಿಣದ ಉಗ್ರಾಣ ತುಂಬುವುದು ಆಮೇಲೆ.

ಯಲ್ಲಮ್ಮನ ಗುಡ್ಡ ಹತ್ತುವಾಗ ದಮ್ಮು ಹತ್ತುವುದು ಸಹಜ. ಮನೆಯೊಳಗೆ ಓಡಾಡಿದರೂ ದಮ್ಮು ಹತ್ತಿದರೆ, ಮುಟ್ಟಿನಲ್ಲಿ ವಾರ ಮೀರಿ ರಕ್ತ ಹೋದರೆ ವೈದ್ಯರನ್ನು ಕಾಣಿ. ಎದೆನೋವು, ಎಚ್ಚರ ತಪ್ಪುವುದು, ಕುಳಿತಲ್ಲೇ ಉಸಿರು ಸಾಲದಿರುವುದು ಇದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಗರ್ಭಿಣಿಗೆ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮನೆಮದ್ದಿನ ಮಾತೇ ಬೇಡ, ಆಸ್ಪತ್ರೆಯೇ ಗತಿ.

ಕಿತ್ತೂರಾಗಲಿ ರಾಮದುರ್ಗವಾಗಲಿ, ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ, ರಕ್ತಪರೀಕ್ಷೆಯೂ ಸೇರಿ.