ತೆರೆದ ಮೋಟಾರು ಗಾಡಿಗೆ ತಕ್ಕ ಚಕ್ರಗಳು

ಮೋಟಾರು ಗಾಡಿಯು ಹುಟ್ಟಿದಾಗ ಅದಕ್ಕೆ ಮಾಡೇ ಇರಲಿಲ್ಲ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಎಂಬವರು ಸನ್ನದು ಪಡೆದ ಮೂರು ಚಕ್ರದ ಬಂಡಿಯಲ್ಲಿ ಕುಳಿತವರ ತಲೆಯ ಮೇಲೆ ಆಕಾಶವಲ್ಲದೆ ಬೇರೆ ಹೊದಿಕೆಯಿರಲಿಲ್ಲ. ಚಕ್ರಗಳಿಗಾದರೋ ಗಟ್ಟಿ ರಬ್ಬರಿನ ಪಟ್ಟಿಯನ್ನು ಸುತ್ತಿದ್ದರು. ಗಾಳಿ ತುಂಬಿದ ಟೈರನ್ನು ಸ್ಕಾಟ್‌ಲೆಂಡಿನ ರಾಬರ್ಟ್ ಥಾಮ್ಸನ್ ಎಂಬವರು 1845ರಲ್ಲಿಯೇ ಕಲ್ಪಿಸಿದ್ದರೂ ಅದು ಬಳಕೆಗೆ ಬಾರದೆ ಮರೆತುಹೋಗಿತ್ತು. ಬೆಲ್‌ಫಾಸ್ಟ್ ಪಟ್ಟಣದ ಪಶುವೈದ್ಯರಾದ ಜಾನ್ ಬಾಯ್ಡ್ ಡನ್‌ಲಪ್ ಅವರು ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಕಟ್ಟಿ, 1888ರಲ್ಲಿ ಅದಕ್ಕೆ ಸನ್ನದು ಪಡೆದರು. 1895ರಲ್ಲಿ ಮಿಶೆಲಿನ್ ಸೋದರರು ಅಂತಹ ಟೈರುಗಳನ್ನೇ ಹಾಕಿದ ಮೋಟಾರನ್ನು ಪ್ಯಾರಿಸ್ಸಿನಿಂದ ಬೋರ್ಡೋ ನಗರಕ್ಕೂ ಅಲ್ಲಿಂದ ಹಿಂದಕ್ಕೂ ಓಡಿಸಿದರು. ಉಕ್ಕಿನ ಮಾಡಿನ ಗಾಡಿಗಳು ಬಹುಸಂಖ್ಯೆಯಲ್ಲಿ ಬಂದದ್ದು ಇದಕ್ಕೆಲ್ಲ ಆಮೇಲೆ. ಹೀಗೆ ತೆರೆದ ಬಂಡಿಯಲ್ಲಿ ಕುಳಿತವರ ಮೈ ಕುಲುಕದಿರಲೆಂದೇ ಬೆಳೆದ ಸಾಧನವು ಟೈರು. ಇಂದಿನ ತೆರೆದ ಗಾಡಿಯ ಒಡೆಯರಲ್ಲಿ ಅನೇಕರು ಅದನ್ನು ಕಣ್ಣಿನ ಸುಖಕ್ಕಾಗಿ ಆರಿಸುತ್ತಿರುವುದು ಸೋಜಿಗವೇ ಸರಿ.

ಮಾಡನ್ನು ಮಡಿಸಿ ಹಿಂದಕ್ಕಿಡಬಹುದಾದ ಗಾಡಿಗೆ ಕನ್ವರ್ಟಿಬಲ್ ಎಂದು ಹೆಸರು. ಇದರ ಚಕ್ರಗಳ ವಿಚಾರವು ಮುಚ್ಚು ಗಾಡಿಯದಕ್ಕಿಂತ ಬೇರೆಯೇಕೆ ಎಂಬುದನ್ನು ವಾಚಕರು ಮನೆಯಲ್ಲಿಯೇ ಪರೀಕ್ಷಿಸಬಹುದು. ಜೋಡಿನ ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಯೊಂದನ್ನು ಮುಚ್ಚಳ ಹಾಕಿ, ಅಂಚಿಗೆ ಸುತ್ತಲೂ ಕಾಗದ ಅಂಟಿಸಿ, ಎರಡು ತುದಿ ಹಿಡಿದು ತಿರುಚಿ ನೋಡಿರಿ. ಅದು ಸುಲಭವಾಗಿ ಬಗ್ಗದು. ಮುಚ್ಚಳವನ್ನು ಕಿತ್ತು ತಿರುಚಿದರೆ ಹಪ್ಪಳದಂತೆ ಸೊಟ್ಟಗಾಗುವುದು. ಗಾಡಿಯ ಒಡಲೂ ಹಾಗೆಯೇ. ಮಾಡು ಕೇವಲ ನೆರಳಿಗಲ್ಲ; ಮುಂಗಡೆಯನ್ನೂ ಹಿಂಗಡೆಯನ್ನೂ ಬಂಧಿಸುವ ಅಂಗವದು. ಅದನ್ನು ತೆಗೆದಾಗ ಕುಶಲಿಗಳು ಬಾಗಿಲ ಕೆಳಗಿನ ದಿಂಡುಗಳನ್ನು ದಪ್ಪಗೊಳಿಸಿ, ತಳದಲ್ಲಿ ಅಡ್ಡಪಟ್ಟಿಗಳನ್ನು ಬಿಗಿದು ಆ ನಷ್ಟವನ್ನು ತುಂಬಿಕೊಡುತ್ತಾರೆ. ಆದರೆ ಪೂರ್ತಿಯಾಗಿ ತುಂಬಲಾಗುವುದಿಲ್ಲ. ಆದುದರಿಂದ ಚಕ್ರವು ಹಳ್ಳಕ್ಕೆ ಬಿದ್ದಾಗ ಮುಚ್ಚು ಗಾಡಿಯಲ್ಲಿ ಒಂದೇ ಪೆಟ್ಟಾಗಿ ಮುಗಿಯುವುದು, ತೆರೆದ ಗಾಡಿಯಲ್ಲಿ ಪೆಟ್ಟಿನ ಹಿಂದೆ ನಡುಕವಾಗಿ ಉಳಿಯುತ್ತದೆ. ಮುಂಗಾಜಿನ ಚೌಕಟ್ಟು ಅದಿರುತ್ತದೆ, ಕೈಯಲ್ಲಿರುವ ಸ್ಟಿಯರಿಂಗ್ ಚಕ್ರವು ಜುಮ್ಮೆನ್ನುತ್ತದೆ. ಇದನ್ನು ತಡೆಯಬೇಕಾದರೆ ಪೆಟ್ಟನ್ನು ಒಡಲಿಗೆ ಏರುವ ಮುನ್ನವೇ, ಟೈರಿನಲ್ಲಿಯೇ, ತಗ್ಗಿಸಬೇಕು.

ಇದನ್ನು ನಾನು ಪುಸ್ತಕದಿಂದ ಮಾತ್ರ ತಿಳಿದವನಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ಅಳಿಯಂದಿರು ಜಪಾನಿನ ಮಾಜ್ದಾ ಸಂಸ್ಥೆಯ ಎಂಎಕ್ಸ್-5 ಎಂಬ ಇಬ್ಬರು ಕೂರುವ ತೆರೆದ ಗಾಡಿಯನ್ನು ಕೊಂಡಿದ್ದರು. ಅದು 16 ಅಂಗುಲದ ಚಕ್ರಗಳೊಡನೆ ಬಂದಿತ್ತು. ಯಾರೋ ಸ್ನೇಹಿತರ ಮಾತಿಗೆ ಒಲಿದು ಅವರು ಅವನ್ನು ಕಳಚಿ 18 ಅಂಗುಲದವನ್ನು ಹಾಕಿಸಿದರು. ನೋಡುವುದಕ್ಕೆ ಗಾಡಿಯು ಸಿಂಗರಿಸಿದ ಉತ್ಸವದ ಕುದುರೆಯಂತಿತ್ತು. ಆದರೆ ನನ್ನ ಮಗಳಿಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ಆಕೆ ಎರಡು ಬಾರಿ ಕುಳಿತು ಮೂರನೆಯ ಬಾರಿ ಹತ್ತಲೊಲ್ಲದೆ ಹೋದಳು. ನಾನು ಅಲ್ಲಿಗೆ ಹೋದಾಗ, “ಅಪ್ಪಾ, ಅದನ್ನು ಮಾರಿಬಿಡಿ ಎಂದು ಅವರಿಗೆ ನೀವಾದರೂ ಹೇಳಿ” ಎಂದಳು. ಇಬ್ಬರೂ ಕೂಡಿ ತಿರುಗಾಡಲೆಂದು ಕೊಂಡ ಗಾಡಿಯಲ್ಲಿ ಅಳಿಯಂದಿರು ಒಬ್ಬರೇ ಹೋಗಿಬರುತ್ತಿದ್ದರು. ಶಾಕ್ ಅಬ್ಸಾರ್ಬರುಗಳು ಸವೆದಿವೆಯೆಂದು ಅವುಗಳನ್ನು ಬದಲಾಯಿಸಲು ಹಣವನ್ನೂ ಎತ್ತಿಟ್ಟಿದ್ದರು.

ದೋಷವೆಲ್ಲಿತ್ತೆಂಬುದನ್ನು ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಅಂಕಿಗಳೇ ಹೇಳುತ್ತವೆ. ಗಾಡಿಯೊಡನೆ ಬಂದ ಟೈರಿನ ಮೇಲೆ 195/50 ಆರ್ 16 84ವಿ ಎಂದಿತ್ತು. 195 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 50 ಎಂದರೆ ಪಕ್ಕೆಯ ಎತ್ತರವು ಆ ಅಗಲದಲ್ಲಿ ನೂರಕ್ಕೆ ಐವತ್ತು ಪಾಲು, ಅಂದರೆ 97 ಮಿಲಿಮೀಟರಿಗೆ ತುಸು ಹೆಚ್ಚು. ಆರ್ ಎಂಬುದು ರೇಡಿಯಲ್ ರಚನೆಯನ್ನೂ, 16 ರಿಮ್ಮಿನ ವ್ಯಾಸವನ್ನೂ ಸೂಚಿಸುವುವು. 84 ಎಂಬುದು ಭಾರದ ಸಂಕೇತ: ಒಂದೊಂದು ಟೈರು 500 ಕಿಲೋಗ್ರಾಂ ಹೊರಬಲ್ಲುದು. ವಿ ಎಂಬುದು ವೇಗದ ಸಂಕೇತ: ಗಂಟೆಗೆ 240 ಕಿಲೋಮೀಟರು. ಹೊಸದಾಗಿ ಹಾಕಿಸಿದ್ದರ ಮೇಲೆ 215/35 ಆರ್ 18 ಎಂದಿತ್ತು. ಲೆಕ್ಕ ಹಾಕಿದರೆ ಪಕ್ಕೆಯ ಎತ್ತರ ಕೇವಲ 75 ಮಿಲಿಮೀಟರು. ಚಕ್ರದ ಒಟ್ಟು ವ್ಯಾಸದಲ್ಲಿ ಹೆಚ್ಚು ಅಂತರವಿಲ್ಲ. ಲೋಹ ಬೆಳೆದಿದೆ, ಗಾಳಿಯ ಮೆತ್ತೆಯು ಸುಮಾರು ನಾಲ್ಕರಲ್ಲಿ ಒಂದು ಪಾಲು ಕುಗ್ಗಿದೆ. ಸಂಸ್ಕೃತದಲ್ಲಿ ಚಕ್ರದ ನಡುವಿಗೆ ನಾಭಿಯೆಂದೂ, ಕಡ್ಡಿಗಳಿಗೆ ಅರಗಳೆಂದೂ, ಹೊರಬಳೆಗೆ ನೇಮಿಯೆಂದೂ ಹೆಸರು. ಈಗಿನ ಅಲಂಕಾರದ ಚಕ್ರಗಳಲ್ಲಿ ಅರವೂ ನೇಮಿಯೂ ಮೆರೆದು, ಸವಾರರನ್ನು ಕಾಯುವ ಗಾಳಿಗೆ ಎಡೆಯೇ ಇಲ್ಲವಾಗಿದೆ.

ಭಾರವನ್ನು ಹೊರುವುದು ರಬ್ಬರಲ್ಲ, ಬಹುಮಟ್ಟಿಗೆ ಒಳಗಿನ ಗಾಳಿ ಎಂಬುದನ್ನು ನೆನಪಿನಲ್ಲಿಟ್ಟರೆ ಉಳಿದುದು ಸುಲಭ. ಎತ್ತರದ ಪಕ್ಕೆಯು ಕಲ್ಲು ಸಿಕ್ಕಾಗ ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಗಿಡ್ಡ ಪಕ್ಕೆಗೆ ಬಗ್ಗಲು ಜಾಗವಿಲ್ಲ. ಹಳ್ಳದ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ರಬ್ಬರು ಕತ್ತರಿಸುವುದೂ, ರಿಮ್ಮೇ ಸೊಟ್ಟಗಾಗುವುದೂ ಉಂಟು. ಇದೇ ಗಾಡಿಯ ಚರಿತ್ರೆಯನ್ನು ನೋಡಿರಿ: 1989ರಲ್ಲಿ ಮೊದಲು ಬಂದಾಗ ಅದಕ್ಕೆ 185/60 ಆರ್ 14 ಟೈರುಗಳು, 111 ಮಿಲಿಮೀಟರಿನ ಪಕ್ಕೆ. 2015ರಲ್ಲಿ ಬಂದ ನಾಲ್ಕನೆಯ ತಲೆಮಾರಿಗೆ 16 ಅಂಗುಲದ್ದೊಂದು, 205/45 ಆರ್ 17 ಎಂಬ ಇನ್ನೊಂದು. ಎರಡನೆಯದರ ಪಕ್ಕೆ 92 ಮಿಲಿಮೀಟರು. ಕೊಳ್ಳುವವರು ಸಾಮಾನ್ಯವಾಗಿ ಹೆಚ್ಚು ಬೆಲೆಯ ದೊಡ್ಡದನ್ನು ಮೇಲೆಂದೆಣಿಸುವರು. ಮೆತ್ತನೆಯ ಸವಾರಿಯೇ ಬೇಕಾದವರಿಗೆ ಚಿಕ್ಕದೇ ಮೇಲೆಂದು ನನ್ನ ನಿಶ್ಚಿತಾಭಿಪ್ರಾಯ.

ನಮ್ಮ ದೇಶದಲ್ಲಿಯೂ ಉದಾಹರಣೆಯುಂಟು. 2020ರಲ್ಲಿ ಬಂದ ಮಹೀಂದ್ರಾ ಥಾರ್ ಗಾಡಿಯ ಕೆಲವು ಮಾದರಿಗಳಿಗೆ ಮಡಿಸುವ ಬಟ್ಟೆಯ ಮಾಡಿತ್ತು. ಅದಕ್ಕೆ 245/75 ಆರ್ 16 ಮತ್ತು 255/65 ಆರ್ 18 ಎಂಬ ಎರಡು ಬಗೆಯ ಟೈರುಗಳಿದ್ದುವು. ಪಕ್ಕೆಗಳು ಕ್ರಮವಾಗಿ ಸುಮಾರು 184 ಮತ್ತು 166 ಮಿಲಿಮೀಟರು. ಆ ಗಾಡಿಯ ಬಲವು ತಳದ ಏಣಿಯಂತಹ ಚೌಕಟ್ಟಿನಲ್ಲಿರುವುದರಿಂದ ಮಾಡು ಹೋದರೂ ಅಷ್ಟು ತಿರುಚದು. ಆದರೆ ಗಾಳಿಯ ಲೆಕ್ಕ ಮಾತ್ರ ಅಲ್ಲಿಯೂ ಒಂದೇ.

ಇನ್ನು ರನ್‌ಫ್ಲ್ಯಾಟ್ ಎಂಬ ಟೈರಿನ ಮಾತು. ಇದರ ಪಕ್ಕೆಯನ್ನು ಬಹಳ ದಪ್ಪವಾಗಿ ಮಾಡಿರುವುದರಿಂದ ಗಾಳಿ ಹೋದರೂ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರು ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರು ಓಡಬಲ್ಲುದು. 2002ರಲ್ಲಿ ತಯಾರಾಗತೊಡಗಿದ ಬಿ.ಎಂ.ಡಬ್ಲ್ಯು. ಜೆಡ್-4 ಮೊದಲಾದ ತೆರೆದ ಗಾಡಿಗಳಿಗೆ ಇವನ್ನು ಹಾಕಿ ಸ್ಟೆಪ್ನಿಯನ್ನು ಕೈಬಿಟ್ಟರು. (ಸ್ಟೆಪ್ನಿಯೆಂಬ ನಮ್ಮ ಮಾತಿಗೆ ವೇಲ್ಸ್ ದೇಶದ ಲನೆತ್ಲಿ ಊರಿನ ಸ್ಟೆಪ್ನಿ ಬೀದಿಯೇ ಮೂಲ, ಅಲ್ಲಿಯ ಡೇವಿಸ್ ಸೋದರರು 1904ರಲ್ಲಿ ಆ ಬಿಡಿಚಕ್ರವನ್ನು ಕಲ್ಪಿಸಿದರು.) ಆದರೆ ಕೋಡಿನಂತೆ ಬಿಗಿಯಾದ ಆ ಪಕ್ಕೆಯು ಗಾಳಿಯಿದ್ದಾಗಲೂ ಬಿಗಿಯೇ. ಇದನ್ನು ತೆಗೆದು ಸಾಧಾರಣ ಟೈರು ಹಾಕಿಸಿದೊಡನೆ ಗಾಡಿಯು ಸೌಮ್ಯವಾಯಿತೆನ್ನುವವರು ಬಹುಮಂದಿ. ಹಾಗೆ ಮಾಡುವವರು ಗಾಳಿಯ ಪಂಪನ್ನೂ ಪಂಕ್ಚರು ಮುಚ್ಚುವ ಸಾಮಗ್ರಿಯನ್ನೂ ಗಾಡಿಯಲ್ಲಿಟ್ಟುಕೊಳ್ಳಬೇಕು. ಪಕ್ಕೆಯೇ ಸೀಳಿದರೆ ಆ ಸಾಮಗ್ರಿಯಿಂದ ಪ್ರಯೋಜನವಿಲ್ಲ. ರಾತ್ರಿ ಒಂಟಿಯಾಗಿ ದೂರ ಹೋಗುವ ಹೆಣ್ಣುಮಕ್ಕಳ ಗಾಡಿಗೆ ರನ್‌ಫ್ಲ್ಯಾಟನ್ನು ಕಳಚಿರೆಂದು ನಾನು ಹೇಳಲಾರೆ.

ಚಕ್ರದ ತೂಕವನ್ನೂ ವಿಚಾರಿಸಬೇಕು. ಸ್ಪ್ರಿಂಗಿನ ಮೇಲಿರುವ ಭಾರ ಒಂದು, ಕೆಳಗಿರುವ ಭಾರ ಇನ್ನೊಂದು. ಕೆಳಗಿನದು ಹೆಚ್ಚಾದಷ್ಟೂ ಚಕ್ರವು ರಸ್ತೆಯ ಏರುತಗ್ಗನ್ನು ಅನುಸರಿಸದೆ ಒಡಲನ್ನೇ ಗುದ್ದುತ್ತದೆ. ಅಗ್ಗದ ಎರಕದ ದೊಡ್ಡ ಚಕ್ರಗಳಲ್ಲಿ ಈ ದೋಷ ಸಾಮಾನ್ಯ.

ಆದರೂ ಚಿಕ್ಕ ಚಕ್ರವೆಂದು ಕಂಡಕಂಡದ್ದನ್ನು ತರಬಾರದು. ದೊಡ್ಡ ಬ್ರೇಕುಗಳಿರುವ ಮಾದರಿಗಳಲ್ಲಿ ಚಿಕ್ಕ ರಿಮ್ಮು ಬ್ರೇಕಿಗೆ ತಾಗುವುದು. ಬೋಲ್ಟುಗಳ ಸಂಖ್ಯೆಯೂ ವೃತ್ತವೂ ಹೊಂದಬೇಕು. ಈ ಎಂಎಕ್ಸ್-5ಕ್ಕೆ ನಾಲ್ಕು, 100 ಮಿಲಿಮೀಟರಿನ ವೃತ್ತದಲ್ಲಿ. ನಡುವಿನ ರಂಧ್ರವು ಗಾಡಿಯ ನಾಭಿಗೆ ಬಿಗಿಯಾಗಿ ಕೂರಬೇಕು. ಇಲ್ಲಿ ಅದು 54.1 ಮಿಲಿಮೀಟರು. ಸಡಿಲವಿದ್ದರೆ ಚಕ್ರವು ಕೂದಲೆಳೆಯಷ್ಟು ಓರೆಯಾಗಿ ಕುಳಿತು, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ನಿಲ್ಲದು. ತೆರೆದ ಗಾಡಿಯು ಇಂತಹ ಸಣ್ಣ ದೋಷವನ್ನೂ ದೊಡ್ಡದಾಗಿ ತೋರಿಸುವುದು. ಭಾರದ ಸಂಕೇತವಂತೂ ತಯಾರಕರು ಹೇಳಿದುದಕ್ಕಿಂತ ಕಡಿಮೆಯಿರಲೇ ಕೂಡದು. ಟೈರಿನ ವಯಸ್ಸನ್ನೂ ನೋಡಿರಿ: ಪಕ್ಕೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕಡೆಯೆರಡು ವರ್ಷ, 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. ಹಳೆಯ ರಬ್ಬರು ಗೆರೆ ಸವೆಯದಿದ್ದರೂ ಗಡುಸಾಗಿರುವುದು. ಯೂರೋಪಿನಲ್ಲಿ 2012ರಿಂದ ಟೈರುಗಳಿಗೆ ಅಂಟಿಸುವ ಚೀಟಿಯು ಒದ್ದೆ ರಸ್ತೆಯ ಹಿಡಿತ, ಇಂಧನದ ಉಳಿತಾಯ, ಹೊರಗೆ ಕೇಳುವ ಸದ್ದು ಇವನ್ನು ಹೇಳುತ್ತದೆಯೇ ಹೊರತು ಸವಾರಿಯ ಮೆತ್ತನೆಯನ್ನು ಹೇಳುವುದಿಲ್ಲ. ಆದರೆ ಒದ್ದೆ ರಸ್ತೆಯ ಹಿಡಿತದಲ್ಲಿ ಕೆಳದರ್ಜೆಯದನ್ನು ಮೆತ್ತಗಿದೆಯೆಂಬ ಕಾರಣಕ್ಕೆ ಕೊಳ್ಳುವುದು ಅವಿವೇಕ.

ಅಳಿಯಂದಿರು ಹಳೆಯ 16 ಅಂಗುಲದ ಚಕ್ರಗಳನ್ನು ಮಾರದೆ ಉಳಿಸಿದ್ದುದು ಅನುಕೂಲವಾಯಿತು. ನಾಲ್ಕು ಹೊಸ ಟೈರುಗಳಿಗೆ ಮಾತ್ರ ಹಣ ಹೋಯಿತು. ಶಾಕ್ ಅಬ್ಸಾರ್ಬರುಗಳನ್ನು ಮುಟ್ಟಲಿಲ್ಲ. ಅಂಗಡಿಯವರು ತಮ್ಮ ವಾಡಿಕೆಯಂತೆ 36 ಪೌಂಡು ಗಾಳಿ ಹಾಕಿ ಕಳುಹಿಸಿದ್ದರು. ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ಚದರ ಅಂಗುಲಕ್ಕೆ 29 ಪೌಂಡು ಎಂದಿತ್ತು. ಮರುದಿನ ಬೆಳಗ್ಗೆ ಟೈರುಗಳು ತಣ್ಣಗಿದ್ದಾಗ ಅಷ್ಟಕ್ಕೆ ಇಳಿಸಿ, ನನ್ನ ಮಗಳನ್ನು ಕುಳ್ಳಿರಿಸಿಕೊಂಡು ಆರು ಮೈಲಿ ಹೋಗಿಬಂದರು. ಮಾರುವ ಮಾತನ್ನು ಆಕೆ ಎತ್ತಲಿಲ್ಲ. ಬೆನ್ನಿಗೊಂದು ದಿಂಬು ಮಾತ್ರ ಬೇಕೆಂದಳು.