ಹಳೆಯ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್: ಸಂಚಕಾರ ಕೊಡುವ ಮುನ್ನ ನೋಡಬೇಕಾದ ಅಂಶಗಳು

ಹಾನಗಲ್ಲ ತಾಲೂಕಿನ ಭತ್ತದ ಕೆಸರುಗದ್ದೆಗಳಲ್ಲಿ, ಸವಣೂರು ಮತ್ತು ಶಿಗ್ಗಾಂವಿ ಭಾಗದ ಎರೆಹೊಲಗಳಲ್ಲಿ ಮಳೆಯಾದ ಮರುದಿನ ಹಿಂಗಾಲಿಯಿಂದ ಮಾತ್ರ ಎಳೆಯುವ ಟ್ರ್ಯಾಕ್ಟರ್ ಹೂತುಕೊಳ್ಳುವುದು ಸಾಮಾನ್ಯ. ಹಿರೇಕೆರೂರಿನ ಗೋವಿನಜೋಳದ ಬೆಳೆಗಾರರೂ ಬಿತ್ತನೆಯ ಹದ ತಪ್ಪದಿರಲೆಂದು ನಾಲ್ಕೂ ಗಾಲಿ ಎಳೆಯುವ ಯಂತ್ರವನ್ನು ಬಯಸುತ್ತಾರೆ. ಹೊಸದರ ಬೆಲೆ ಭರಿಸಲಾಗದವರು ಹಳೆಯದರತ್ತ ನೋಡುವುದು ಸಹಜವೇ. ಆದರೆ ಬಹುಪಾಲು ಖರೀದಿದಾರರು ಇಂಜಿನ್ನಿನ ಸದ್ದು ಕೇಳಿ, ಬಣ್ಣ ನೋಡಿ ಒಪ್ಪಂದಕ್ಕೆ ಬರುತ್ತಾರೆ. ಇಂತಹ ಯಂತ್ರದಲ್ಲಿ ದೊಡ್ಡ ಖರ್ಚು ಅಡಗಿರುವುದು ಹೆಚ್ಚಾಗಿ ಮುಂದಿನ ಆಕ್ಸಲ್‌ನಲ್ಲಿ.

ಗೇರ್ ಬಾಕ್ಸಿನಿಂದ ಹೊರಟ ಶಾಫ್ಟ್ ಮುಂದಿನ ಆಕ್ಸಲ್‌ನ ಹಲ್ಲುಗಾಲಿಗಳನ್ನು ತಿರುಗಿಸುತ್ತದೆ. ಕೆಸರಿನಲ್ಲಿ ದುಡಿದ ಯಂತ್ರದ ಗಾಲಿಯ ಬಳಿಯ ಸೀಲ್ ಸವೆದಿದ್ದರೆ ನೀರು ಒಳಹೊಕ್ಕು ಬೇರಿಂಗ್‌ಗಳನ್ನು ತಿನ್ನುತ್ತದೆ. ಇದನ್ನು ತಿಳಿಯಲು, ಯಂತ್ರವು ರಾತ್ರಿಯಿಡೀ ನಿಂತ ಮೇಲೆ ಮಾಲೀಕರ ಒಪ್ಪಿಗೆಯೊಡನೆ ಆಕ್ಸಲ್‌ನ ತಳದ ಬೋಲ್ಟನ್ನು ತುಸು ಸಡಿಲಿಸಬೇಕು. ನೀರು ಎಣ್ಣೆಗಿಂತ ಭಾರವಾದುದರಿಂದ ಮೊದಲು ಅದೇ ಹೊರಬರುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅಥವಾ ಬೆರಳಿನಲ್ಲಿ ಉಜ್ಜಿದಾಗ ಲೋಹದ ಹರಳು ಸಿಕ್ಕರೆ ಆಕ್ಸಲ್ ಬಿಚ್ಚಿಸುವ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು. ಎಣ್ಣೆ ತೀರಾ ಹೊಸದಾಗಿದ್ದರೆ ಅದೂ ಕೇಳಬೇಕಾದ ಪ್ರಶ್ನೆಯೇ. ಮಾರಾಟದ ಹಿಂದಿನ ದಿನ ಬದಲಿಸಿದ ಎಣ್ಣೆ ಏನನ್ನೂ ಹೇಳುವುದಿಲ್ಲ.

ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಗಟ್ಟಿ ಆಸರೆ ಕೊಟ್ಟು, ಹಿಂಗಾಲಿಗಳಿಗೆ ಅಡೆ ಇಟ್ಟು, ಇಂಜಿನ್ ನಿಲ್ಲಿಸಿ, ಫೋರ್ ವೀಲ್ ಲಿವರ್ ಹಾಕಬೇಕು. ಇಬ್ಬರು ಎರಡೂ ಮುಂಗಾಲಿಗಳನ್ನು ಒಂದೇ ದಿಕ್ಕಿಗೆ ಏಕಕಾಲದಲ್ಲಿ ತಿರುಗಿಸಿದಾಗ ಅವು ಸ್ವಲ್ಪ ಆಟದ ನಂತರ ನಿಂತುಬಿಡಬೇಕು. ನಿಲ್ಲದೆ ತಿರುಗಿದರೆ ಲಿವರ್ ಜೋಡಣೆ ತಪ್ಪಿದೆ ಇಲ್ಲವೇ ಹಲ್ಲು ಸವೆದಿದೆ ಎಂದರ್ಥ. ಹೆಸರಿಗೆ ಮಾತ್ರ ಅದು ಫೋರ್ ವೀಲ್ ಡ್ರೈವ್.

ಟೈರುಗಳನ್ನೂ ಅಳತೆಯ ದೃಷ್ಟಿಯಿಂದ ನೋಡಬೇಕು. ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ತುಸು ಮುಂದೋಡುವಂತೆ ತಯಾರಕರು ಲೆಕ್ಕ ಹಾಕಿರುತ್ತಾರೆ. ಅಗ್ಗವೆಂದು ಬೇರೆ ಅಳತೆಯ ಟೈರ್ ಹಾಕಿದರೆ ಮುಂಗಾಲಿ ಹಿಂಗಾಲಿಗಳು ಒಂದಕ್ಕೊಂದು ಜಗ್ಗಾಡಿ ಶಾಫ್ಟ್ ಮತ್ತು ಹಲ್ಲುಗಳು ಸವೆಯುತ್ತವೆ. ಡಾಂಬರು ರಸ್ತೆಯಲ್ಲಿ ಲಿವರ್ ಹಾಕಿಕೊಂಡೇ ಟ್ರೇಲರ್ ಎಳೆದ ಯಂತ್ರದ ಗತಿಯೂ ಇದೇ. ಮುಂದಿನ ಟೈರ್ ಮಾತ್ರ ಬೋಳಾಗಿದ್ದರೆ ಅಂತಹ ಬಳಕೆಯನ್ನು ಶಂಕಿಸಬಹುದು.

ಇಂಜಿನ್ನನ್ನು ಬೆಳಗ್ಗೆ, ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ರೋಟವೇಟರ್ ಎತ್ತಿ ಇಂಜಿನ್ ನಿಲ್ಲಿಸಿದಾಗ ಅದು ಬೇಗ ಕುಸಿದರೆ ಹೈಡ್ರಾಲಿಕ್ ಸೋರಿಕೆಯಿದೆ. ಗಂಟೆ ಮೀಟರನ್ನು ನಂಬುವುದಕ್ಕಿಂತ ಪೆಡಲ್ಲಿನ ಸವೆತ, ಲಿಂಕ್ ಪಿನ್ನುಗಳ ತೂತು, ವೆಲ್ಡಿಂಗ್ ಗುರುತುಗಳನ್ನು ನಂಬುವುದು ಲೇಸು.

ಬಿಡಿಭಾಗಗಳ ಬಗ್ಗೆ ಮೊದಲೇ ವಿಚಾರಿಸುವುದು ಅಗತ್ಯ. ತಯಾರಿಕೆ ನಿಂತ ಮಾದರಿಯಾದರೆ ಇಂಜಿನ್ ಸಾಮಾನು ಸಿಕ್ಕೀತು, ಮುಂದಿನ ಆಕ್ಸಲ್‌ನ ಹಲ್ಲುಗಾಲಿ ಸಿಗದೆ ಹಂಗಾಮು ಕೈತಪ್ಪಬಹುದು.

ಕಾಗದಪತ್ರಗಳಲ್ಲಿ ಮುಖ್ಯವಾದುದು ಸಾಲದ ನಮೂದು. ಆರ್.ಸಿ.ಯಲ್ಲಿ ಹೈಪೊಥಿಕೇಶನ್ ಇದ್ದರೆ ಸಾಲ ತೀರಿದ ಬಗ್ಗೆ ಬ್ಯಾಂಕು ಅಥವಾ ಹಣಕಾಸು ಸಂಸ್ಥೆ ಸಹಿ ಮಾಡಿದ ನಮೂನೆ 35 ಪಡೆಯದೆ ಪೂರ್ತಿ ಹಣ ನೀಡಬಾರದು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಕೆಎ-27 ಹಾವೇರಿಯ ನೋಂದಣಿ ಸಂಕೇತ; ಬೇರೆ ಸಂಕೇತದ ವಾಹನವಾದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರದ ಬಗ್ಗೆ ಆರ್‌ಟಿಒದಲ್ಲಿ ಕೇಳಿ ತಿಳಿಯಬೇಕು. 15 ವರ್ಷ ದಾಟಿದ ಯಂತ್ರದ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನು ಅದೇ ಭೇಟಿಯಲ್ಲಿ ಖಚಿತಪಡಿಸಿಕೊಳ್ಳಬಹುದು.